ಪೂರ್ವಗ್ರಹ ಬಿಟ್ಟು ಧರ್ಮದ ಇತಿಹಾಸ ಓದುವುದು ಹೇಗೆ?

ಪೂರ್ವಗ್ರಹ ಬಿಟ್ಟು ಧರ್ಮದ ಇತಿಹಾಸ ಓದುವುದು ಹೇಗೆ ಎಂದು ಕೇಳಿದ್ದೀರಿ. ನೀವೂ ನಿಮ್ಮ ಅಣ್ಣನೂ ಒಂದೇ ಪುಸ್ತಕ ಓದಿ ಎದುರುಬದುರು ತೀರ್ಮಾನಕ್ಕೆ ಬಂದಿದ್ದೀರಿ. ನಂಬುವವರು, ನಂಬದವರು ಎಂಬ ಈ ಜಗಳದ ಎರಡೂ ಬದಿಯಲ್ಲಿ ನಾನು ಕೂತವನು. ಒಂದು ಬದಿಯಲ್ಲಿದ್ದಾಗ ಸತ್ಯಕ್ಕೆ ಮೋಸ ಮಾಡಿದೆ, ಇನ್ನೊಂದು ಬದಿಗೆ ಹೋದಮೇಲೆ ನನ್ನ ತಮ್ಮನಿಗೆ.

ಇಪ್ಪತ್ತೆರಡರ ವಯಸ್ಸಿನಲ್ಲಿ ಸಭೆಯ ಹುಡುಗರಿಗೆ ಬೈಬಲ್ ಪಾಠ ಹೇಳುತ್ತಿದ್ದೆ. ಇಸ್ರಾಯೇಲರ ನಾಯಕ ಯೆಹೋಶುವ ಯೆರಿಕೋ ಪಟ್ಟಣ ಗೆದ್ದ ಕಥೆ: ಏಳನೆಯ ದಿನ ಏಳು ಸುತ್ತು, ಕೊಂಬುಗಳ ಧ್ವನಿ, ಯೆರಿಕೋ ಗೋಡೆ ನೆಲಸಮ. ಈ ಅಧ್ಯಾಯ ಬಂದರೆ ನನಗೇ ಮೈ ಜುಂ ಅನ್ನುತ್ತಿತ್ತು. 1930ರ ದಶಕದಲ್ಲಿ ಯೆರಿಕೋದಲ್ಲಿ ಉತ್ಖನನ ನಡೆಸಿದ ಜಾನ್ ಗಾರ್ಸ್ಟಾಂಗ್ ಅವರಿಗೆ ಬಿದ್ದ ಗೋಡೆ ಸಿಕ್ಕಿತು, ಅದು ಯೆಹೋಶುವನ ಕಾಲದ್ದೇ ಎಂದರು. 1952ರಿಂದ 1958ರವರೆಗೆ ಕ್ಯಾಥ್ಲೀನ್ ಕೆನ್ಯನ್ ಮತ್ತೆ ಅಗೆದರು. ಆ ಗೋಡೆ ಯೆಹೋಶುವನ ಕಾಲಕ್ಕಿಂತ ಸುಮಾರು ಸಾವಿರ ವರ್ಷ ಹಳೆಯದು, ಕೊನೆಗೆ ಪಟ್ಟಣ ಸುಟ್ಟಿದ್ದು ಕ್ರಿ.ಪೂ. 1550ರ ಸುಮಾರಿಗೆ, ಯೆಹೋಶುವನದು ಎಂದು ಹೇಳುವ ಕಾಲದಲ್ಲಿ ಅಲ್ಲಿ ಕೋಟೆಯ ಊರೇ ಇರಲಿಲ್ಲ ಎಂಬುದು ಅವರ ನಿಲುವು. 1550ರ ಆಮೇಲಿನ ಕಾಲದಲ್ಲಿ ಸೈಪ್ರಸ್‌ನಿಂದ ಬರುತ್ತಿದ್ದ ಒಂದು ಬಗೆಯ ಮಡಕೆ ಅಲ್ಲಿ ಸಿಗದಿದ್ದದ್ದು ಅದಕ್ಕೊಂದು ಮುಖ್ಯ ಆಧಾರ. 1990ರಲ್ಲಿ ಪುರಾತತ್ವಜ್ಞ ಬ್ರಯಂಟ್ ವುಡ್ ಸ್ಥಳೀಯ ಮಡಕೆಗಳನ್ನು ಮುಂದಿಟ್ಟು, ಇಲ್ಲ, ಯೆಹೋಶುವನ ಕಾಲಕ್ಕೆ ಹೊಂದುವಂತೆ ಕ್ರಿ.ಪೂ. 1400ರ ಸುಮಾರಿಗೇ ಸುಟ್ಟಿದ್ದು ಎಂದು ವಾದಿಸಿದರು.

ಎರಡೂ ವಾದಗಳ ಜೆರಾಕ್ಸ್ ನನ್ನ ಬಳಿ ಈಗಲೂ ಇದೆ. ಕೆನ್ಯನ್ ಪುಟಗಳ ಅಂಚಿನ ತುಂಬ ನನ್ನ ಪೆನ್ಸಿಲ್ ಪ್ರಶ್ನೆಗಳು: 'ಎಷ್ಟು ಜಾಗ ಅಗೆದರು?', 'ಮಡಕೆ ಸಿಗಲಿಲ್ಲ ಅಂದಮಾತ್ರಕ್ಕೆ?' ಪ್ರಶ್ನೆಗಳೇನೂ ಕೆಟ್ಟವಲ್ಲ. ವುಡ್ ಲೇಖನದಲ್ಲಿ ಮಾತ್ರ ಒಂದೇ ಒಂದು ಪ್ರಶ್ನೆಯಿಲ್ಲ, ಬರೀ ಅಡಿಗೆರೆ. ಒಂದನ್ನು ಪರೀಕ್ಷೆ ಮಾಡಿದ್ದೆ, ಇನ್ನೊಂದನ್ನು ಬಾಯಿಪಾಠ ಮಾಡಿದ್ದೆ.

1995ರಲ್ಲಿ ಆ ಬೆಂಕಿಯ ಪದರದ ಕರಕಲು ಕಾಳುಗಳ ವಯಸ್ಸು ಅಳೆದ ಕಾರ್ಬನ್ ಪರೀಕ್ಷೆ ಪ್ರಕಟವಾಯಿತು. ತೊಲೆಯ ಇದ್ದಿಲಾಗಿದ್ದರೆ, ಮರ ಕಡಿದದ್ದು ಯಾವಾಗಲೋ ಎಂದು ನುಣುಚಿಕೊಳ್ಳಬಹುದಿತ್ತು. ಕಾಳು ಹಾಗಲ್ಲ, ಬೆಂಕಿ ಬೀಳುವ ಸ್ವಲ್ಪ ಮೊದಲಷ್ಟೇ ಹೊಲದಿಂದ ಬಂದದ್ದು. ಫಲಿತಾಂಶ ಕ್ರಿ.ಪೂ. 16ನೆಯ ಶತಮಾನದ ಕಡೆಗೆ, ಅಂದರೆ ಕೆನ್ಯನ್ ಹೇಳಿದ ಕಾಲದ ಕಡೆಗೇ, ಬೊಟ್ಟು ಮಾಡಿತು. ನಾನು ಅದನ್ನು ಓದಿದ್ದು ಎಷ್ಟೋ ವರ್ಷ ತಡವಾಗಿ. ಪಾಠ ಹೇಳುವುದು ಬಿಟ್ಟೆ, ಒಂದೆರಡು ವರ್ಷದಲ್ಲಿ ನಂಬಿಕೆಯನ್ನೂ ಬಿಟ್ಟೆ. ಅದಕ್ಕೆ ಯೆರಿಕೋ ಒಂದೇ ಕಾರಣವಲ್ಲ, ಆ ಕಥೆ ಬೇರೆ.

ನನ್ನ ದೊಡ್ಡ ತಪ್ಪು ನಡೆದದ್ದು ಇದಾದಮೇಲೆ. ಒಂದು ರಾತ್ರಿ ಮನೆಯವರೆಲ್ಲ ಊಟಕ್ಕೆ ಕೂತಿದ್ದಾಗ ತಮ್ಮ ಒಂದು ಪ್ರಿಂಟ್ ತಂದು ನನ್ನ ಮುಂದಿಟ್ಟ. ಇಸ್ರೇಲಿನ ಉತ್ತರದ ತೆಲ್ ದಾನ್‌ನಲ್ಲಿ 1993ರಲ್ಲಿ ಸಿಕ್ಕ ಬಸಾಲ್ಟ್ ಶಾಸನದ ಚಿತ್ರ. ಹಳೆಯ ಗೋಡೆಯೊಂದಕ್ಕೆ ಮಾಮೂಲಿ ಕಟ್ಟುಗಲ್ಲಿನಂತೆ ಸೇರಿಹೋಗಿದ್ದ ತುಂಡು ಅದು. ಅರಮೇಯಿಕ್ ಭಾಷೆ, ಕ್ರಿ.ಪೂ. 9ನೆಯ ಶತಮಾನದ್ದು. ಅದರಲ್ಲಿ 'ದಾವೀದನ ಮನೆತನ' ಎಂದು ಓದುವ ಅಕ್ಷರಗಳಿವೆ; ದಾವೀದ ಅಂದರೆ ಬೈಬಲ್ ಹೇಳುವ ಇಸ್ರಾಯೇಲರ ರಾಜ. "ಅಣ್ಣಾ, ದಾವೀದ ಬರೀ ಕಟ್ಟುಕಥೆ ಅಂತೀಯಲ್ಲ, ಇದಕ್ಕೇನಂತೀಯ?" ಅಂದ.

"ನಕಲಿ ಇರಬೇಕು" ಅಂದೆ. ಉತ್ಖನನದಲ್ಲೇ ಸಿಕ್ಕದ್ದು ಎಂದು ತೋರಿಸಿದ. ಆಗ ಚುಕ್ಕಿಯ ಮಾತು ತೆಗೆದೆ. ಆ ಶಾಸನದಲ್ಲಿ ಪದಗಳ ನಡುವೆ ಚುಕ್ಕಿ ಕೆತ್ತಿದ್ದಾರೆ, ಆದರೆ 'ಮನೆತನ' ಮತ್ತು 'ದಾವೀದ' ಎಂದು ಓದುವ ಅಕ್ಷರಗಳ ನಡುವೆ ಚುಕ್ಕಿಯಿಲ್ಲ. ಹಾಗಾಗಿ ಅದು ಯಾವುದೋ ಊರಿನ ಹೆಸರಿರಬಹುದು ಎಂದು ಕೆಲವು ವಿದ್ವಾಂಸರು ಹೇಳಿದ್ದರು. ಅದನ್ನು ಎಲ್ಲೋ ಒಂದು ಪ್ಯಾರಾದಲ್ಲಿ ಓದಿ ಇಟ್ಟುಕೊಂಡಿದ್ದೆ. "ಇಂಥ ಜೋಡಿ ಹೆಸರುಗಳಿಗೆ ಬೇರೆ ಕಡೆ ಚುಕ್ಕಿ ಇಡ್ತಾರಾ?" ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ, ಹುಡುಕಿಯೂ ಇರಲಿಲ್ಲ. ಜೋಡಿ ಹೆಸರನ್ನು ಒಂದೇ ಪದದಂತೆ ಚುಕ್ಕಿಯಿಲ್ಲದೆ ಬರೆಯುವುದುಂಟು ಎಂದು ಲಿಪಿ ಬಲ್ಲವರು ಆ ಹೊತ್ತಿಗಾಗಲೇ ಉತ್ತರ ಕೊಟ್ಟಾಗಿತ್ತು. ಗೊತ್ತಿಲ್ಲ ಎನ್ನುವ ಬದಲು ಎಲ್ಲರೆದುರು, "ಬುದ್ಧಿ ಇರೋರು ಇಂಥ ಕಲ್ಲು ತಬ್ಬಿಕೊಂಡು ಕೂರಲ್ಲ" ಅಂದುಬಿಟ್ಟೆ. ಅವನು ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಎದ್ದುಹೋದ.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ನಂಬಿಕೆ ಬಿಟ್ಟಾಗ ಪೂರ್ವಗ್ರಹವೂ ಹೋಯಿತು ಎಂದುಕೊಂಡಿದ್ದೆ. ಹೋಗಿದ್ದು ತೀರ್ಮಾನ ಮಾತ್ರ. ಕೊಡುವಾಗ ಒಂದು ಸೇರು, ಕೊಳ್ಳುವಾಗ ಇನ್ನೊಂದು ಸೇರು ಎಂಬ ಚಾಳಿ ಹಾಗೇ ಉಳಿದಿತ್ತು. ಯೆರಿಕೋ ವಿಷಯದಲ್ಲಿ ಒಂದು ಮಡಕೆ ಇಲ್ಲದ್ದು ಏನನ್ನೂ ಸಾಬೀತು ಮಾಡಲ್ಲ ಎಂದವನು, ತೆಲ್ ದಾನ್‌ನಲ್ಲಿ ಒಂದು ಚುಕ್ಕಿ ಇಲ್ಲದ್ದೇ ಸಾಕು ಎಂದೆ. ಆ ಕಲ್ಲನ್ನು ಒಪ್ಪಿಕೊಂಡಿದ್ದರೆ ನನಗೇನೂ ನಷ್ಟವಿರಲಿಲ್ಲ. ದಾವೀದನ ಹೆಸರಿನ ರಾಜವಂಶವೊಂದು ನೆರೆಯ ರಾಜರಿಗೆ ಗೊತ್ತಿತ್ತು ಎಂಬಷ್ಟನ್ನು ಅದು ಹೇಳುತ್ತದೆ. ದಾವೀದ ಕೊಂದನೆಂದು ಬೈಬಲ್ ಹೇಳುವ ದೈತ್ಯ ಗೊಲ್ಯಾತನ ಬಗ್ಗೆ ಒಂದಕ್ಷರವೂ ಅದರಲ್ಲಿಲ್ಲ. ಇಂಚು ಬಿಟ್ಟರೆ ಮೊಳ ಹೋಗುತ್ತದೆ ಎಂದು ಹೆದರಿದ್ದೆ, ಅಷ್ಟೇ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಪೂರ್ವಗ್ರಹವನ್ನು ಪೂರ್ತಿ ಕಳಚಿಟ್ಟು ಓದುವವನನ್ನು ನಾನು ಕಂಡಿಲ್ಲ, ಕಳಚಿದ್ದೇನೆ ಎನ್ನುವವನ ಮಾತನ್ನೇ ಹೆಚ್ಚು ಅನುಮಾನದಿಂದ ಕೇಳುತ್ತೇನೆ. ಹಾಗಂತ 'ಅವರವರ ದೃಷ್ಟಿ ಅವರವರಿಗೆ' ಎಂದು ಕೈತೊಳೆದುಕೊಳ್ಳುವುದೂ ಸುಳ್ಳು. ಆ ಕಾಳಿನ ವಯಸ್ಸು ಆಸ್ತಿಕನಿಗೊಂದು ನಾಸ್ತಿಕನಿಗೊಂದು ಅಲ್ಲ. ಕೆನ್ಯನ್ ಅವರ ತಂದೆ ಬೈಬಲ್ ಹಸ್ತಪ್ರತಿಗಳ ದೊಡ್ಡ ವಿದ್ವಾಂಸರು. ಮಗಳು ಮಣ್ಣು ತೋರಿಸಿದ್ದನ್ನೇ ಬರೆದರು.

ನೀವು ಒಪ್ಪುವ ಪುಸ್ತಕವನ್ನು ತೆಗೆದು, ಒಪ್ಪದ ಪುಸ್ತಕಕ್ಕೆ ಕೇಳಿದ ಪ್ರಶ್ನೆಗಳನ್ನೇ ಅದರ ಅಂಚಿನಲ್ಲೂ ಬರೆಯಿರಿ. ಅಣ್ಣನಿಗೆ ಉತ್ತರ ಕೊಡುವ ಮೊದಲು ಇದೊಂದನ್ನು ಮಾಡಿ. ಅವನು ಕೇಳಿದ್ದು ಗೊತ್ತಿಲ್ಲದಿದ್ದರೆ ಅವನೆದುರೇ ಗೊತ್ತಿಲ್ಲ ಅನ್ನಿ.

ನನ್ನ ತಮ್ಮ ಈಗಲೂ ಫೋನ್ ಮಾಡುತ್ತಾನೆ, ಮಕ್ಕಳ ಶಾಲೆ, ಅಮ್ಮನ ಔಷಧಿ ಎಲ್ಲ ಮಾತಾಡುತ್ತೇವೆ. ಹೋದ ವರ್ಷ ಚುಕ್ಕಿಯ ವಿಷಯ ನೀನು ಕೇಳಿದ್ದೇ ಸರಿ ಎಂದು ಅವನಿಗೆ ಪತ್ರ ಬರೆದೆ. ತಲುಪಿದೆ ಅಂದ. ಆ ಹಾಳೆ ಇನ್ನೂ ಅವನ ಬಳಿ ಇದೆಯೋ ಇಲ್ಲವೋ, ಕೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ.