ಕಾಡಿಗೆ ಯಾರು ಗೊಬ್ಬರ ಹಾಕುತ್ತಾರೆ?

ತೀರ್ಥಹಳ್ಳಿಯ ನಿಮ್ಮ ತೋಟದ ಪಕ್ಕದ ಕಾಡು ಗೊಬ್ಬರವಿಲ್ಲದೆ ಹಸಿರಾಗಿದೆ, ಅಡಿಕೆಗೆ ಮಾತ್ರ ವರ್ಷವೂ ಯಾಕೆ ಬೇಕು ಅಂತ ಕೇಳಿದ್ದೀರಿ.

ಕಾಡು ತಾನು ಉದುರಿಸಿದ್ದನ್ನೇ ಮತ್ತೆ ಉಣ್ಣುತ್ತದೆ. ದರಗು, ಅಂದರೆ ಒಣಗಿ ಉದುರಿದ ಎಲೆ, ಬಿದ್ದಲ್ಲೇ ಇರುತ್ತದೆ. ಗೆದ್ದಲು, ಎರೆಹುಳ, ಶಿಲೀಂಧ್ರ ಸೇರಿ ಅದನ್ನು ಮಣ್ಣು ಮಾಡುತ್ತವೆ. ಮುಂಗಾರು ಹಿಡಿದ ಮೇಲೆ ದರಗು ಸರಿಸಿ ನೋಡಿ, ಬಿಳಿ ನೂಲಿನಂಥ ಎಳೆಗಳು ಕಾಣುತ್ತವೆ. ಅದೇ ಶಿಲೀಂಧ್ರ. ಮೇಲ್ಮಣ್ಣಿನಲ್ಲೇ ಹರಡಿದ ಸಣ್ಣ ಬೇರುಗಳು ಸಾರ ಕೆಳಗೆ ಇಳಿಯುವ ಮೊದಲೇ ಬಹುಪಾಲು ಹೀರಿಕೊಳ್ಳುತ್ತವೆ. ನಮ್ಮ ಜಂಬಿಟ್ಟಿಗೆ (ಲ್ಯಾಟರೈಟ್) ಮಣ್ಣಿಗೆ ಸಾರ ಹಿಡಿದಿಡುವ ತಾಕತ್ತು ಕಡಿಮೆ. ಆಗುಂಬೆಯಲ್ಲಂತೂ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ. ನೆಲ ಬರಿದಾಗಿದ್ದರೆ ಪೊಟ್ಯಾಶ್, ಸುಣ್ಣ, ನೈಟ್ರೇಟ್ ಎಲ್ಲ ಹೊಳೆ ಪಾಲು.

ತೋಟದಲ್ಲಿ ನಾವು ಅಡಿಕೆ ಗೊನೆ ಇಳಿಸಿ ಹೊರಗೆ ಸಾಗಿಸುತ್ತೇವೆ, ಅಲ್ವಾ? ಅದರ ಜೊತೆ ಪೊಟ್ಯಾಶ್ ಜಾಸ್ತಿ ಹೋಗುತ್ತದೆ. ಅದಕ್ಕೇ ಒಂದು ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಶ್ ಶಿಫಾರಸು ಮಾಡುತ್ತಾರೆ. ಹಿರಿಯರು ಸೊಪ್ಪಿನ ಬೆಟ್ಟದಿಂದ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡಿನಿಂದ) ಸೊಪ್ಪಿನ ಹೊರೆ ತರುತ್ತಿದ್ದದ್ದೂ ಇದೇ ಲೆಕ್ಕಕ್ಕೆ. ಆದರೆ ಅತಿಯಾಗಿ ಕಡಿದರೆ ಬೆಟ್ಟವೇ ಬಡವಾಗುತ್ತದೆ.

ಅಡಿಕೆ ಸಿಪ್ಪೆಗೆ ಬೆಂಕಿ ಹಾಕುತ್ತೀರಾ? ನಾನೂ ಸುಮ್ನೆ ಸುಡುತ್ತಿದ್ದೆ. ಈಗ ಸಗಣಿ ಜೊತೆ ಕೊಳೆಸಿ ಬುಡಕ್ಕೇ ಹಾಕುತ್ತೇನೆ.