ಮೊದಲು ಸೆಲ್ ಲ್ಯಾಬಾ, ಪ್ಯಾನೆಲ್ ಫ್ಯಾಕ್ಟರಿಯಾ?

ಸೋಲಾರ್‌ನಲ್ಲಿ ನಮ್ಮ ಕಾಲ ಮೇಲೆ ನಾವು ನಿಲ್ಲಬೇಕಾದರೆ ಮೊದಲು ಸೆಲ್ (ಬಿಸಿಲನ್ನು ಕರೆಂಟ್ ಮಾಡುವ ಬಿಲ್ಲೆ) ಸಂಶೋಧಿಸುವ ಲ್ಯಾಬ್ ಕಟ್ಟಬೇಕೋ, ಸೆಲ್ ಜೋಡಿಸಿ ಪ್ಯಾನೆಲ್ ಮಾಡುವ ಫ್ಯಾಕ್ಟರಿಯೋ ಅಂತ ಕೇಳಿದ್ದೀರಿ. ಇದೇ ಪ್ರಶ್ನೆಗೆ ನಾವು ನಾಲ್ಕು ಜನ ಗೆಳೆಯರು ತಿಂಗಳುಗಟ್ಟಲೆ ಕಿತ್ತಾಡಿದ್ದೆವು. ಫ್ಯಾಕ್ಟರಿ ಅಂದವರು ಗೆದ್ದರು. ನಾನೂ ಆ ಗುಂಪಿನವನೇ.

ಸೆಲ್, ಗಾಜು, ಹಿಂಬದಿ ಹಾಳೆ ಎಲ್ಲ ಹೊರಗಿನಿಂದ ತರಿಸಿದೆವು. ಸೆಲ್‌ಗಳನ್ನು ರಿಬ್ಬನ್ನಿಂದ (ತೆಳು ಲೋಹದ ಪಟ್ಟಿ) ಬೆಸೆದು, ಮೇಲೊಂದು ಕೆಳಗೊಂದು ಇವಿಎ (ಅಂಟಿನಂತೆ ಹಿಡಿಯುವ ಪ್ಲಾಸ್ಟಿಕ್) ಹಾಳೆ ಇಟ್ಟು, ಲ್ಯಾಮಿನೇಟರ್‌ನಲ್ಲಿ ಗಾಳಿ ಎಳೆದು ಬೇಯಿಸಿದರೆ ಪ್ಯಾನೆಲ್ ಆಯ್ತು. ಅಷ್ಟೇ ಅಂದುಕೊಂಡಿದ್ದೆ.

ಈ ಇವಿಎ ಬರೀ ಕರಗಿ ಅಂಟಿಕೊಂಡರೆ ಸಾಲದು. ಸುಮಾರು 150 ಡಿಗ್ರಿಯಲ್ಲಿ ಅದರ ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳಬೇಕು. ಆಮೇಲೆ ಅದು ಮತ್ತೆ ಕರಗುವುದಿಲ್ಲ. ಬೆಂದದ್ದೂ ಅರೆಬೆಂದದ್ದೂ ಕಣ್ಣಿಗೆ ಒಂದೇ ಥರ, ಎರಡೂ ಗಾಜಿನಷ್ಟೇ ತಿಳಿ. ಆರ್ಡರ್ ಜಾಸ್ತಿಯಾದಾಗ ನಾನು ಬೇಯಿಸುವ ಸಮಯದಲ್ಲಿ ಮೂರು ನಿಮಿಷ ಕಡಿಮೆ ಮಾಡಿದೆ. ಯಂತ್ರದ ಪರದೆ 148 ತೋರಿಸುತ್ತಿತ್ತು, ನಂಬಿದೆ. ಅದು ತಟ್ಟೆಯ ನಡುವಿನ ಬಿಸಿ. ಮೂಲೆಗಳು ತಣ್ಣಗಿದ್ದವು. ಪ್ಯಾನೆಲ್ ಮೇಲೆ ಕ್ಷಣಕಾಲ ಬೆಳಕು ಬಿಟ್ಟು ನೋಡುವ ಫ್ಲ್ಯಾಶ್ ಟೆಸ್ಟ್‌ನಲ್ಲಿ ವಾಟ್ ಪೂರ್ತಿ ಬಂತು. ಬಾರದೇ ಏನು? ಅದು ಇವತ್ತಿನ ಕರೆಂಟ್ ಅಳೆಯುತ್ತದೆ, ಅಂಟನ್ನಲ್ಲ. ಎರಡನೇ ಮಳೆಗಾಲಕ್ಕೆ ಮೂಲೆಗಳು ಬಿಟ್ಟುಕೊಂಡು, ನೀರು ಹೊಕ್ಕು, ರಿಬ್ಬನ್ ಕಪ್ಪಾಯಿತು. ಆ ಅವಧಿಯ ಮಾಲೆಲ್ಲ ವಾಪಸ್.

ಹಿಡಿಯೋದು ಕಷ್ಟವೇನಲ್ಲ. ಬೆಂದ ಇವಿಎ ಚೂರನ್ನು ತೂಗಿ, ಕರಗಿಸುವ ದ್ರವವಾದ ಕ್ಸೈಲೀನ್‌ನಲ್ಲಿ ಗಂಟೆಗಟ್ಟಲೆ ಕುದಿಸಿ, ಒಣಗಿಸಿ ಮತ್ತೆ ತೂಗಬೇಕು. (ಹೊಗೆ ಎಳೆಯುವ ಗೂಡಿನೊಳಗೇ ಮಾಡಿ, ಆ ಆವಿ ಒಳ್ಳೆಯದಲ್ಲ.) ಹೆಣೆದುಕೊಳ್ಳದ ಭಾಗ ಕರಗಿಹೋಗುತ್ತದೆ. ಮುಕ್ಕಾಲು ಪಾಲಾದರೂ ಉಳಿಯಬೇಕು. ನಮ್ಮ ಮೂಲೆಯ ಚೂರಿನಲ್ಲಿ ಅರ್ಧವೂ ಉಳಿಯಲಿಲ್ಲ. ಒಂದು ತಕ್ಕಡಿ, ಒಂದು ಒಲೆ, ಕೆಲಸ ಗೊತ್ತಿರುವ ಒಬ್ಬ ಮನುಷ್ಯ. ಈ ಮೂರೂ ನಮ್ಮಲ್ಲಿರಲಿಲ್ಲ.

ಹಾಗಾಗಿ ನನ್ನ ಉತ್ತರ: ಎರಡೂ ಬೇಡ, ಮೊದಲು ಪರೀಕ್ಷಾ ಲ್ಯಾಬ್. ಪ್ಯಾನೆಲ್ ಬಾಳಿಕೆಯ ಅಂತಾರಾಷ್ಟ್ರೀಯ ಮಾನದಂಡ ಐಇಸಿ 61215ರಲ್ಲಿ ಪ್ಯಾನೆಲನ್ನು 85 ಡಿಗ್ರಿ ಬಿಸಿ, ಶೇ. 85 ತೇವದಲ್ಲಿ 1000 ಗಂಟೆ ಇಡುವ ಪರೀಕ್ಷೆಯಿದೆ. ಇದಕ್ಕೂ ಪರದೇಶಕ್ಕೆ ಕಳಿಸುತ್ತಾ ಕೂತರೆ ನೀವು ಕಲಿಯೋದು ಯಾವಾಗ? ಸೆಲ್ ದಕ್ಷತೆಯ ದಾಖಲೆ ಮುರಿಯೋ ಕನಸು ಸದ್ಯಕ್ಕೆ ಬಿಡಿ. ಪರ್ಕ್ ಸೆಲ್ (ಹಿಂಬದಿಗೆ ವಿಶೇಷ ಪದರ ಹೊದಿಸಿ ದಕ್ಷತೆ ಹೆಚ್ಚಿಸಿದ ಸೆಲ್) 1980ರ ದಶಕದಲ್ಲಿ ಆಸ್ಟ್ರೇಲಿಯಾದ ಲ್ಯಾಬ್‌ನಲ್ಲಿ ಹುಟ್ಟಿ, ಫ್ಯಾಕ್ಟರಿಗಳಲ್ಲಿ ನೆಲೆಯೂರಲು ಮೂರು ದಶಕ ಹಿಡಿಯಿತು. ನಿಮ್ಮ ಬಿಸಿಲು, ಧೂಳು, ತೇವದಲ್ಲಿ ಪ್ಯಾನೆಲ್ ಹೇಗೆ ಸಾಯುತ್ತದೆ ಅನ್ನೋದನ್ನು ಮಾತ್ರ ಬೇರೆ ಯಾರೂ ನಿಮಗಾಗಿ ಹುಡುಕಿಕೊಡುವುದಿಲ್ಲ. ಸಂಶೋಧನೆ ಅಲ್ಲಿದೆ.

ಇನ್ನು ಜೋಡಣೆಯನ್ನೇ ಸ್ವಾವಲಂಬನೆ ಅಂದುಕೊಳ್ಳಬೇಡಿ. ಸೆಲ್ಲಿನ ಮೂಲ ವಸ್ತುವಾದ ಪಾಲಿಸಿಲಿಕಾನ್‌ನಿಂದ ಪ್ಯಾನೆಲ್‌ವರೆಗೆ ಪ್ರತಿ ಹಂತದಲ್ಲೂ ಚೀನಾದ ಪಾಲು ಶೇ. 80ಕ್ಕಿಂತ ಜಾಸ್ತಿ ಅಂತ ಅಂತಾರಾಷ್ಟ್ರೀಯ ಇಂಧನ ಸಂಸ್ಥೆ 2022ರಲ್ಲೇ ಹೇಳಿತ್ತು.

ಆದರೂ ಯಂತ್ರ ಕೊಳ್ಳುವ ಹಟವಿದ್ದರೆ, ಸೆಲ್ ಬೆಸೆಯುವ ಸ್ಟ್ರಿಂಗರ್ ಯಾವ ಯಾವ ಅಳತೆಗೆ ಹೊಂದುತ್ತದೆ ಅಂತ ಬರಹದಲ್ಲಿ ತೆಗೆದುಕೊಳ್ಳಿ. ನಮ್ಮದು 156 ಮಿ.ಮೀ. ಸೆಲ್‌ಗೆ ಮಾತ್ರ. ಮಾರುಕಟ್ಟೆ 182, 210ಕ್ಕೆ ಹೋಯಿತು. ಅದರ ಮೇಲೆ ಈಗ ಟಾರ್ಪಾಲು ಹೊದಿಸಿದ್ದೇವೆ.