ಇಬ್ಬರ ಫೋನು, ಒಂದು ಕ್ಯಾಲೆಂಡರು: ಮತ್ತೆ ಅದೇ ಪ್ರಶ್ನೆ

ಪ್ರಶ್ನೆ: ನಾನು, ನನ್ನ ಹೆಂಡತಿ ವರ್ಷವಿಡೀ ಪ್ರಯಾಣದಲ್ಲೇ ಇರುತ್ತೇವೆ. ನನ್ನದು ಆಂಡ್ರಾಯ್ಡ್, ಅವಳದು ಐಫೋನ್, ಇಬ್ಬರಿಗೂ ಸೇರಿ ಒಂದು ಲ್ಯಾಪ್‌ಟಾಪ್. ನಾನು ಬರೆದ ಬುಕಿಂಗ್ ಅವಳಿಗೆ ಕಾಣುವುದಿಲ್ಲ, ಅವಳು ಸೇರಿಸಿದ ನಂಬರ್ ನನ್ನಲ್ಲಿ ಇರುವುದಿಲ್ಲ, ಇದ್ದ ನಂಬರುಗಳೋ ಮೂರು ಮೂರು ಸಲ ಕಾಣುತ್ತವೆ. ಇಬ್ಬರೂ ಒಂದೇ ಅಕೌಂಟಿಗೆ ಲಾಗಿನ್ ಆಗಿಬಿಡಿ ಎಂದು ಸ್ನೇಹಿತರು ಹೇಳುತ್ತಾರೆ. ಹಾಗೆ ಮಾಡಬಹುದೇ?

ಉತ್ತರ: ಬೇಡ. ಈ ಸಲಹೆ ಕೊಡುವವರಿಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇಬ್ಬರೂ ಐಫೋನಿನವರಾಗಿ ಒಂದೇ ಆಪಲ್ ಅಕೌಂಟನ್ನು ಬಳಸಿದರೆ ಕ್ಯಾಲೆಂಡರ್ ಮಾತ್ರ ಒಂದಾಗುವುದಿಲ್ಲ. ಮೆಸೇಜು, ಫೋಟೊ, ಕರೆಗಳ ಪಟ್ಟಿ ಎಲ್ಲವೂ ಬೆರೆತುಹೋಗುತ್ತವೆ. ಅವರಿಗೆ ಬಂದ ಫೇಸ್‌ಟೈಮ್ ಕರೆ ನಿಮ್ಮ ಕೈಯಲ್ಲೂ ರಿಂಗ್ ಆಗುತ್ತದೆ. ನಿಮಗೆ ಬೇಡವೆಂದು ನೀವು ಅಳಿಸಿದ ನಂಬರ್ ಅವರ ಫೋನಿನಿಂದಲೂ ಮಾಯ. ಒಬ್ಬರ ಎಡವಟ್ಟಿಗೆ ಅಕೌಂಟ್ ಲಾಕ್ ಆದರೆ ಊರು ಬಿಟ್ಟು ಊರಲ್ಲಿ ಇಬ್ಬರ ಕೈಯೂ ಬರಿದು. ಒಬ್ಬೊಬ್ಬರಿಗೆ ಒಂದೊಂದು ಅಕೌಂಟ್ ಇರಲಿ, ಹಂಚಬೇಕಾದ್ದನ್ನಷ್ಟೇ ಹಂಚಿಕೊಳ್ಳಿ.

ನಂಬರುಗಳು ಮೂರು ಸಲ ಕಾಣುವುದಕ್ಕೆ ಸಿಂಕ್ (ಒಂದು ಕಡೆ ಬದಲಿಸಿದ್ದು ಉಳಿದ ಕಡೆಯೂ ತಾನಾಗಿ ಬದಲಾಗುವುದು) ಇಲ್ಲದಿರುವುದು ಕಾರಣವಲ್ಲ, ನಕಲುಗಳು ಜಾಸ್ತಿಯಾಗಿರುವುದೇ ಕಾರಣ. ಒಂದೇ ಹೆಸರು ಸಿಮ್‌ನಲ್ಲಿ ಒಂದು, ಫೋನಿನ ಮೆಮೊರಿಯಲ್ಲಿ ಒಂದು, ಗೂಗಲ್‌ನಲ್ಲಿ ಒಂದು ಇರುತ್ತದೆ. ಫೋನು ಮೂರನ್ನೂ ಸಾಲಾಗಿ ತೋರಿಸುತ್ತದೆ. ಇದರ ಮೇಲೆ ಆಪಲ್‌ನ ಆನ್‌ಲೈನ್ ಸಂಗ್ರಹವಾದ ಐಕ್ಲೌಡನ್ನೂ ಗೂಗಲನ್ನೂ ಜೋಡಿಸುವ ಇನ್ನೊಂದು ಪ್ರೋಗ್ರಾಂ ಹಾಕಿಕೊಂಡಿದ್ದರೆ ಆ ಕಡೆಯಿಂದ ಬಂದ ನಕಲು ಹೊಸ ಹೆಸರಾಗಿ ಈ ಕಡೆ ಸೇರುತ್ತದೆ, ಇಲ್ಲಿಂದ ಮತ್ತೆ ಅಲ್ಲಿಗೆ ಹೋಗುತ್ತದೆ. ಅಂಥ ಜೋಡಣೆ ಇದ್ದರೆ ಮೊದಲು ಅದನ್ನು ಕಿತ್ತುಹಾಕಿ. ಒಂದು ಮಾಹಿತಿಗೆ ಒಂದೇ ಮನೆ. ಫೋನು, ಲ್ಯಾಪ್‌ಟಾಪ್ ಎಲ್ಲ ಆ ಮನೆಯ ಕಿಟಕಿಗಳು.

ಇಬ್ಬರದೂ ಐಫೋನ್ ಆಗಿದ್ದರೆ ಐಕ್ಲೌಡ್‌ನ ಹಂಚಿದ ಕ್ಯಾಲೆಂಡರ್ ಸಾಕಿತ್ತು. ನಿಮ್ಮದು ಬೆರಕೆ ಸಂಸಾರ, ಹಾಗಾಗಿ ಗೂಗಲ್ಲೇ ಸರಿ. ಲ್ಯಾಪ್‌ಟಾಪಿನ ಬ್ರೌಸರ್‌ನಲ್ಲಿ ಗೂಗಲ್ ಕ್ಯಾಲೆಂಡರ್ ತೆರೆದು 'ಪ್ರಯಾಣ' ಅಂತಲೋ ಏನೋ ಒಂದು ಹೊಸ ಕ್ಯಾಲೆಂಡರ್ ಮಾಡಿ. ನಿಮ್ಮ ಸ್ವಂತ ಕ್ಯಾಲೆಂಡರನ್ನೇ ಹಂಚಲು ಹೋಗಬೇಡಿ. ಅದರ ಸೆಟಿಂಗ್ಸ್‌ನಲ್ಲಿ ಹೆಂಡತಿಯ ಗೂಗಲ್ ಅಕೌಂಟಿನ ಇಮೇಲ್ ಸೇರಿಸುವಾಗ ಅನುಮತಿಯ ನಾಲ್ಕು ಹಂತಗಳು ಕಾಣುತ್ತವೆ. 'ಬಿಡುವೋ ಇಲ್ಲವೋ ಅಷ್ಟೇ ನೋಡಬಹುದು' ಎಂಬುದನ್ನು ಆರಿಸಿಕೊಂಡು, ಆಮೇಲೆ 'ಬ್ಯುಸಿ ಅಂತ ಮಾತ್ರ ಬರುತ್ತೆ' ಎಂದು ಪತ್ರ ಬರೆಯುವವರು ಬೇಕಾದಷ್ಟಿದ್ದಾರೆ. ನಿಮಗೆ ಬೇಕಿರುವುದು ಬದಲಾವಣೆ ಮಾಡುವ ಅನುಮತಿ. ಅವರಿಗೆ ಬರುವ ಮೇಲ್‌ನಲ್ಲಿನ ಲಿಂಕನ್ನು ಅವರು ಒತ್ತಿದರೆ ಮಾತ್ರ ಕ್ಯಾಲೆಂಡರ್ ಅವರ ಪಟ್ಟಿಗೆ ಸೇರುತ್ತದೆ.

ಇಷ್ಟಾದರೂ ಐಫೋನಿನ ಸ್ವಂತ ಕ್ಯಾಲೆಂಡರ್ ಆ್ಯಪ್‌ನಲ್ಲಿ ಅದು ಕಾಣದೇ ಇರಬಹುದು. ಹಂಚಿದ ಕ್ಯಾಲೆಂಡರುಗಳನ್ನು ಗೂಗಲ್ ಅಲ್ಲಿಗೆ ತಾನಾಗಿ ಕಳಿಸುವುದಿಲ್ಲ. ಗೂಗಲ್ ಕ್ಯಾಲೆಂಡರ್‌ನ 'ಸಿಂಕ್ ಸೆಲೆಕ್ಟ್' ಪುಟವನ್ನು ಬ್ರೌಸರ್‌ನಲ್ಲಿ ಹುಡುಕಿ, ಅವರ ಅಕೌಂಟಿನಿಂದಲೇ ತೆರೆದು, 'ಪ್ರಯಾಣ'ದ ಮುಂದೆ ಟಿಕ್ ಹಾಕಿ ಸೇವ್ ಮಾಡಬೇಕು. ಈ ಗೊಡವೆಯೇ ಬೇಡ ಅನಿಸಿದರೆ ಐಫೋನಿಗೂ ಗೂಗಲ್‌ನ ಕ್ಯಾಲೆಂಡರ್ ಆ್ಯಪನ್ನೇ ಹಾಕಿಕೊಳ್ಳಲಿ.

ಇನ್ನೆರಡು ಕಡೆ ಎಲ್ಲರೂ ಎಡವುತ್ತಾರೆ. ಜಿಮೇಲ್‌ಗೆ ಬಂದ ಟಿಕೆಟ್ಟಿನಿಂದ ತಾನಾಗಿ ಹುಟ್ಟುವ ವಿಮಾನ, ಹೋಟೆಲ್ ನಮೂದುಗಳು ಟಿಕೆಟ್ ಯಾರ ಮೇಲ್‌ಗೆ ಬಂತೋ ಅವರ ಸ್ವಂತ ಕ್ಯಾಲೆಂಡರ್‌ನಲ್ಲಿ, ಅದೂ ಅವರಿಗಷ್ಟೇ ಕಾಣುವಂತೆ ಕೂತಿರುತ್ತವೆ. ಹಂಚಿದ ಕ್ಯಾಲೆಂಡರ್‌ಗೆ ಅವನ್ನು ಕೈಯಾರೆ ಬರೆಯಿರಿ. ಎರಡನೆಯದು ರಿಮೈಂಡರ್. ನೀವಿಟ್ಟ ರಿಮೈಂಡರ್ ನಿಮ್ಮ ಫೋನಿನಲ್ಲಿ ಮಾತ್ರ ಹೊಡೆಯುತ್ತದೆ. ಹಂಚಿದ ಕ್ಯಾಲೆಂಡರ್‌ಗೆ ಎಷ್ಟು ಹೊತ್ತು ಮುಂಚೆ ಎಚ್ಚರಿಸಬೇಕೆಂದು ಇಬ್ಬರೂ ತಂತಮ್ಮ ಅಕೌಂಟಿನಲ್ಲಿ ಪ್ರತ್ಯೇಕವಾಗಿ ಹೇಳಿರಬೇಕು. 'ಅವಳಿಗೂ ಬಂದಿರುತ್ತೆ ಅಂದ್ಕೊಂಡೆ' ಎಂಬ ಮಾತಿಗೆ ರೈಲು ಕಾಯುವುದಿಲ್ಲ.

ಈಗ ಕಾಂಟ್ಯಾಕ್ಟುಗಳು. ಕ್ಯಾಲೆಂಡರ್ ಹಂಚಿದ ಹಾಗೆ ಕಾಂಟ್ಯಾಕ್ಟ್ ಹಂಚುವ ಸೌಲಭ್ಯ ಗೂಗಲ್‌ನ ಸಾಮಾನ್ಯ ಅಕೌಂಟಿನಲ್ಲಿ ಇಲ್ಲ, ಐಕ್ಲೌಡ್‌ನಲ್ಲೂ ಇಲ್ಲ. ಹುಡುಕಿ ಹೊತ್ತು ಕಳೆಯಬೇಡಿ. ದಾರಿ ಇರುವುದು ಒಂದೇ: ಇಬ್ಬರ ಹೆಸರಲ್ಲೂ ಅಲ್ಲದ ಮೂರನೇ ಗೂಗಲ್ ಅಕೌಂಟ್. ಅದನ್ನು ಎರಡೂ ಫೋನುಗಳಿಗೆ ಸೇರಿಸಿ, ಕಾಂಟ್ಯಾಕ್ಟ್ ಒಂದನ್ನು ಬಿಟ್ಟು ಮೇಲ್, ಕ್ಯಾಲೆಂಡರ್ ಎಲ್ಲ ಆಫ್ ಮಾಡಿ. ವಿಮೆ, ಬ್ಯಾಂಕು, ವೈದ್ಯರು, ಉಳಿದುಕೊಳ್ಳುವ ಮನೆಯವರು, ಇಬ್ಬರಿಗೂ ಬೇಕಾದ ನೆಂಟರು ಇದರಲ್ಲಿರಲಿ. ನಿಮ್ಮ ಕಚೇರಿಯವರು, ಅವರ ಗೆಳತಿಯರು ಅವರವರ ಅಕೌಂಟಿನಲ್ಲೇ ಇರಲಿ.

ಸಾಗಿಸುವ ಕ್ರಮ ತಪ್ಪಬೇಡಿ. ಗೂಗಲ್ ಕಾಂಟ್ಯಾಕ್ಟ್ಸ್‌ನಿಂದಲೂ ಐಕ್ಲೌಡ್‌ನಿಂದಲೂ ಬ್ರೌಸರ್ ಮೂಲಕ ವಿಕಾರ್ಡ್ ಫೈಲ್ (ಕಾಂಟ್ಯಾಕ್ಟುಗಳನ್ನು ತುಂಬಿಡುವ ಫೈಲ್) ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ ಎತ್ತಿಡಿ. ಆಮೇಲೆ ಬೇಕಾದಷ್ಟನ್ನು ಮೂರನೇ ಅಕೌಂಟಿಗೆ ಇಂಪೋರ್ಟ್ ಮಾಡಿ, ಅಲ್ಲಿನ 'ಮರ್ಜ್ ಆ್ಯಂಡ್ ಫಿಕ್ಸ್'ನಲ್ಲಿ ಜೋಡಿ ಹೆಸರುಗಳನ್ನು ಒಂದು ಮಾಡಿ. ಎರಡೂ ಫೋನುಗಳಲ್ಲಿ ಸರಿಯಾಗಿ ಬಂದಿದೆ ಎಂದು ಕಣ್ಣಾರೆ ನೋಡಿದ ಮೇಲಷ್ಟೇ ಹಳೆಯ ಜಾಗದಲ್ಲಿದ್ದ ಅವೇ ಹೆಸರುಗಳನ್ನು ಅಳಿಸಿ. ಕೊನೆಗೆ ಎರಡೂ ಫೋನುಗಳ ಕಾಂಟ್ಯಾಕ್ಟ್ ಸೆಟಿಂಗ್ಸ್‌ಗೆ ಹೋಗಿ, ಹೊಸ ನಂಬರ್ ಉಳಿಯಬೇಕಾದ ಡೀಫಾಲ್ಟ್ ಅಕೌಂಟ್ ಎಂದು ಈ ಮೂರನೆಯದನ್ನು ಆರಿಸಿ. ಇದನ್ನು ಬಿಟ್ಟರೆ ತಿಂಗಳೊಪ್ಪತ್ತಿನಲ್ಲಿ ಮತ್ತೆ ಅದೇ ಗೋಜಲು. ಸಿಮ್‌ನಲ್ಲಿ ಮಾತ್ರ ಏನನ್ನೂ ಇಡಬೇಡಿ. ಅದರಲ್ಲಿ ಹಿಡಿಸುವುದು ಹೆಸರು, ನಂಬರು ಅಷ್ಟೇ, ದೇಶಕ್ಕೊಂದು ಸಿಮ್ ಬದಲಿಸುವವರು ಅದನ್ನೂ ಕಳೆದುಕೊಳ್ಳುತ್ತಾರೆ.

ಪ್ರತಿ ನಂಬರೂ ಪ್ಲಸ್ ಗುರುತು, ದೇಶದ ಕೋಡ್‌ನಿಂದಲೇ ಶುರುವಾಗಲಿ. ಮೊದಲಲ್ಲಿ ಸೊನ್ನೆ ಹಾಕಿ ಉಳಿಸಿದ ನಂಬರ್ ಗಡಿ ದಾಟಿದ ಕೂಡಲೇ ತಪ್ಪು ನಂಬರ್.

ಐಫೋನಿನಲ್ಲಿ ಗೂಗಲ್ ಕಾಂಟ್ಯಾಕ್ಟ್ ಬದಲಾದ ಕ್ಷಣದಲ್ಲೇ ಬರುವುದಿಲ್ಲ, ಫೋನೇ ಆಗಾಗ ಹೋಗಿ ಕೇಳಬೇಕು. 'ಫೆಚ್ ನ್ಯೂ ಡೇಟಾ'ದಲ್ಲಿ 'ಆಟೊಮ್ಯಾಟಿಕಲಿ' ಇದ್ದರೆ ಚಾರ್ಜಿಗೆ ಹಾಕಿ ವೈಫೈ ಇದ್ದಾಗ ಮಾತ್ರ ಅದು ಹಿನ್ನೆಲೆಯಲ್ಲಿ ಕೇಳುತ್ತದೆ. 15 ನಿಮಿಷಕ್ಕೆ ಇಡಿ. ಆಂಡ್ರಾಯ್ಡ್‌ನಲ್ಲಿ ಸಿಂಕ್ ಸತ್ತಿದ್ದರೆ ಬ್ಯಾಟರಿ ಸೇವರ್, ಡೇಟಾ ಸೇವರ್ ಇವೆರಡನ್ನೂ ಮೊದಲು ಅನುಮಾನಿಸಿ.

ಇನ್ನು ಸಮಯವಲಯ. ಚಳಿಗಾಲದಲ್ಲಿ ಲಂಡನ್‌ನಲ್ಲಿ ಕೂತು, ಟೋಕಿಯೊದಿಂದ ಬೆಳಗ್ಗೆ 10ಕ್ಕೆ ಹೊರಡುವ ವಿಮಾನವನ್ನು ಬರೀ '10 ಗಂಟೆ' ಎಂದು ಬರೆದಿರಿ ಅನ್ನಿ. ಕ್ಯಾಲೆಂಡರ್ ಅದನ್ನು ಲಂಡನ್ನಿನ 10 ಎಂದೇ ಓದಿಕೊಳ್ಳುತ್ತದೆ. ಟೋಕಿಯೊದಲ್ಲಿ ಇಳಿದಾಗ ಅದೇ ನಮೂದು ಸಂಜೆ 7 ಎಂದು ತೋರಿಸುತ್ತದೆ, ಅಷ್ಟೊತ್ತಿಗೆ ವಿಮಾನ ಹೋಗಿ 9 ಗಂಟೆಯಾಗಿರುತ್ತದೆ. ನಮೂದು ಬರೆಯುವಾಗಲೇ ಸಮಯದ ಕೆಳಗಿನ ಟೈಮ್ ಝೋನ್ ಒತ್ತಿ ಹೊರಡುವ ಊರನ್ನು ಆರಿಸಿ. ಬ್ರೌಸರ್‌ನಲ್ಲಾದರೆ ಹೊರಡುವ, ತಲುಪುವ ಎರಡೂ ಊರುಗಳ ವಲಯವನ್ನು ಬೇರೆ ಬೇರೆ ಕೊಡಬಹುದು. ಕ್ಯಾಲೆಂಡರನ್ನು ಒಂದೇ ಊರಿನ ಸಮಯಕ್ಕೆ ಕಟ್ಟಿಹಾಕುವ ಐಫೋನಿನ 'ಟೈಮ್ ಝೋನ್ ಓವರ್‌ರೈಡ್' ಆಫ್ ಇರಲಿ. ದಿನಾ ರಾತ್ರಿ 9ಕ್ಕೆ ತೆಗೆದುಕೊಳ್ಳುವ ಮಾತ್ರೆಯನ್ನು ಕ್ಯಾಲೆಂಡರ್‌ಗೆ ಹಾಕಬೇಡಿ, ಅದು ಊರೂರಿಗೆ ಜರುಗುತ್ತದೆ. ಫೋನಿನ ಅಲಾರಾಂ ಸಾಕು. ಆದರೆ ಗಂಟೆ ಲೆಕ್ಕದಲ್ಲಿ ಕಟ್ಟುನಿಟ್ಟಾಗಿ ನುಂಗಬೇಕಾದ ಔಷಧವಾದರೆ ವೈದ್ಯರನ್ನು ಕೇಳಿ, ನನ್ನನ್ನಲ್ಲ.

ಇದೆಲ್ಲಕ್ಕಿಂತ ಮುಂಚೆ ಆಗಬೇಕಾದ ಕೆಲಸ: ಹೊರಡುವ ಮೊದಲೇ ಮೂರೂ ಗೂಗಲ್ ಅಕೌಂಟುಗಳ ಎರಡನೇ ಹಂತದ ಪರಿಶೀಲನೆಯನ್ನು ಎಸ್‌ಎಂಎಸ್‌ನಿಂದ ಬಿಡಿಸಿ ಆಥೆಂಟಿಕೇಟರ್ (ಫೋನಿನಲ್ಲೇ ಕೋಡ್ ತೋರಿಸುವ ಆ್ಯಪ್) ಅಥವಾ ಪಾಸ್‌ಕೀಗೆ (ಬೆರಳಚ್ಚು, ಮುಖ ಅಥವಾ ಪಿನ್‌ನಿಂದ ಲಾಗಿನ್) ಹಾಕಿ. ಹಳೆಯ ಸಿಮ್ ತೆಗೆದಿಟ್ಟ ದಿನವೇ ಒಟಿಪಿ ಬೇಕಾಗುವುದು. ಗೂಗಲ್ 10 ಬ್ಯಾಕಪ್ ಕೋಡ್‌ಗಳನ್ನು ಕೊಡುತ್ತದೆ, ಒಂದೊಂದೂ ಒಂದೇ ಸಲಕ್ಕೆ. ಕಾಗದದಲ್ಲಿ ಬರೆದು ಇಬ್ಬರ ಬ್ಯಾಗಿನಲ್ಲೂ ಒಂದೊಂದು ಪ್ರತಿ ಇಡಿ. ಫೋನಿನಲ್ಲಿ ಫೋಟೊ ತೆಗೆದಿಟ್ಟಿದ್ದೇನೆ ಎನ್ನಬೇಡಿ, ಕಳೆದುಹೋಗುವುದು ಆ ಫೋನೇ.

ಪ್ರಶ್ನೆ: ಬ್ಲೂಟೂತ್‌ನಲ್ಲಿ ಎಲ್ಲ ಕಾಂಟ್ಯಾಕ್ಟ್ ಕಳಿಸಿಕೊಂಡರೆ ಆಗದೇ?

ಉತ್ತರ: ಅದು ಒಂದು ದಿನದ ನಕಲು, ಮರುದಿನಕ್ಕೆ ಹಳೆಯದು.

ಪ್ರಶ್ನೆ: ಒಂದೇ ಒತ್ತಿಗೆ ಡೂಪ್ಲಿಕೇಟ್ ತೆಗೆಯುವ ಉಚಿತ ಆ್ಯಪ್ ಹಾಕಿಕೊಳ್ಳಲೇ?

ಉತ್ತರ: ನಿಮ್ಮ ಬಳಿ ಇರುವ ಎಲ್ಲರ ನಂಬರನ್ನೂ ಗುರುತಿಲ್ಲದವರ ಕೈಗೆ ಕೊಡುವ ಧೈರ್ಯ ನಿಮಗಿದ್ದರೆ ಹಾಕಿಕೊಳ್ಳಿ. ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲೂ ಈಗಿನ ಐಫೋನಿನಲ್ಲೂ ಆ ಸೌಲಭ್ಯ ಒಳಗೇ ಇದೆ.

ಪ್ರಶ್ನೆ: ಸಿಂಕ್ ಇರುವಾಗ ಬ್ಯಾಕಪ್ ಯಾಕೆ?

ಉತ್ತರ: ಅಳಿಸಿದ್ದೂ ಸಿಂಕ್ ಆಗುತ್ತದೆ, ಅದಕ್ಕೆ. ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲಿ 'ಅಂಡೂ ಚೇಂಜಸ್' 30 ದಿನದವರೆಗೆ ಹಿಂದಕ್ಕೆ ಒಯ್ಯುತ್ತದೆ. 31ನೇ ದಿನ ನನಗೆ ಪತ್ರ ಬರೆಯಬೇಡಿ. ತಿಂಗಳಿಗೊಮ್ಮೆ ಕಾಂಟ್ಯಾಕ್ಟುಗಳ ವಿಕಾರ್ಡ್, ಕ್ಯಾಲೆಂಡರಿನ ಐಸಿಎಸ್ ಫೈಲ್ ಇಳಿಸಿಕೊಳ್ಳಿ.

ಪ್ರಶ್ನೆ: ಗೂಗಲ್ ಬೇಡ. ನಮ್ಮದೇ ಸರ್ವರ್‌ನಲ್ಲಿ ನೆಕ್ಸ್ಟ್‌ಕ್ಲೌಡ್ (ಕ್ಯಾಲೆಂಡರ್, ಕಾಂಟ್ಯಾಕ್ಟ್ ಇಟ್ಟುಕೊಳ್ಳುವ ಪ್ರೋಗ್ರಾಂ) ಇಟ್ಟುಕೊಂಡರೆ?

ಉತ್ತರ: ಚೆನ್ನಾಗಿಯೇ ನಡೆಯುತ್ತದೆ. ಕ್ಯಾಲೆಂಡರ್, ಕಾಂಟ್ಯಾಕ್ಟ್ ಸಿಂಕ್ ಮಾಡಲು ಅದು ಬಳಸುವ ಕ್ಯಾಲ್‌ಡ್ಯಾವ್, ಕಾರ್ಡ್‌ಡ್ಯಾವ್ ಎಂಬ ವಿಧಾನಗಳು ಐಫೋನಿಗೆ ತಾನಾಗಿ ಗೊತ್ತು, ಆಂಡ್ರಾಯ್ಡ್‌ಗೆ ಡ್ಯಾವ್‌ಎಕ್ಸ್5 ಎಂಬ ಆ್ಯಪ್ ಬೇಕು. ಕಾಂಟ್ಯಾಕ್ಟ್ ಪುಸ್ತಕವನ್ನೂ ನೇರವಾಗಿ ಹಂಚಬಹುದು, ಮೂರನೇ ಅಕೌಂಟಿನ ಹಂಗಿಲ್ಲ. ಆದರೆ ಸರ್ವರ್ ಮಲಗಿದಾಗ ಬಸ್ಸಿನಲ್ಲಿ ಕೂತು ಎಬ್ಬಿಸುವವರು ಯಾರು? ಉತ್ತರ ಗೊತ್ತಿದ್ದವರು ಮಾತ್ರ ಕೈಹಾಕಿ.

ಪ್ರಶ್ನೆ: ಸಿಂಕ್ ಆಗಲು ವಿಪಿಎನ್ ಬೇಕೇ?

ಉತ್ತರ: ಬೇಡ, ಆ ಸಂಪರ್ಕ ಆಗಲೇ ಎನ್‌ಕ್ರಿಪ್ಟ್ ಆಗಿರುತ್ತದೆ. ಚೀನಾದ ಮುಖ್ಯಭೂಮಿಯಲ್ಲಿ ಗೂಗಲ್‌ಗೆ ತಡೆ ಇದೆ, ಅದು ಬೇರೆ ಮಾತು. ಅಲ್ಲಿಗೆ ಕಾಲಿಡುವ ಮುನ್ನ ಎರಡೂ ಫೋನುಗಳನ್ನು ಸಿಂಕ್ ಮಾಡಿಕೊಳ್ಳಿ. ಫೋನಿಗೆ ಇಳಿದಿರುವ ಪ್ರತಿ ನೆಟ್ ಇಲ್ಲದೆಯೂ ಓದಲು ಸಿಗುತ್ತದೆ.

ಪ್ರಶ್ನೆ: ಬಾಡಿಗೆ ಮನೆಯ ಬುಕಿಂಗ್ ಸೈಟ್ ಕೊಟ್ಟ ಕ್ಯಾಲೆಂಡರ್ ಲಿಂಕನ್ನು ಗೂಗಲ್‌ಗೆ ಸೇರಿಸಿದ್ದೇವೆ. ದಿನಾಂಕ ಬದಲಾದರೂ ನಮ್ಮಲ್ಲಿ ಹಳೆಯದೇ ಕಾಣುತ್ತದೆ.

ಉತ್ತರ: ಅಂಥ ಲಿಂಕನ್ನು ಗೂಗಲ್ ತನಗೆ ತೋಚಿದಾಗ ನೋಡುತ್ತದೆ, ಗಂಟೆಗಟ್ಟಲೆ ತಡವಾಗುತ್ತದೆ, ನೀವು ಅವಸರ ಮಾಡಲು ಅಲ್ಲಿ ಬಟನ್ ಇಲ್ಲ. ದಿನಾಂಕ ಬದಲಾದ ಮೇಲ್ ಬಂದ ಕೂಡಲೇ 'ಪ್ರಯಾಣ'ದಲ್ಲಿ ಕೈಯಾರೆ ತಿದ್ದಿ, ಆ ಲಿಂಕನ್ನು ತೆಗೆದುಹಾಕಿ.